ಒಬ್ಬರಾದರೂ ‘ರು’, ಹತ್ತಾದರೂ ‘ರು’

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿಯಲ್ಲಿ, ಎಂಟನೆಯ ಕ್ಲಾಸಿನ ನಡುವೆ, ನಾನು ಶಾಲೆ ಬಿಟ್ಟೆ. ಬಿಟ್ಟೆ ಎಂದೇ ಹೇಳುತ್ತೇನೆ. ಬಿಡಿಸಿದರು ಎಂದು ಹೇಳುವವರೂ ಊರಿನಲ್ಲಿ ಇದ್ದಾರೆ, ಅವರ ಮಾತಿಗೆ ನೀವು ಬೆಲೆ ಕೊಡಬೇಡಿ. ನನ್ನ ತಂದೆಯವರಿಗೆ ಸಿಮೆಂಟಿನಲ್ಲಿ ಕಾವಿ ಬೆರೆಸಿ ನೆಲ ಹಾಕುವ ಕೆಲಸ. ಹಾಕಿದ ನೆಲ ಕನ್ನಡಿಯಂತೆ ಆಗುವವರೆಗೆ ಉಜ್ಜಲು ಅವರಿಗೆ ಎರಡು ಕೈ ಹೆಚ್ಚಿಗೆ ಬೇಕಿತ್ತು, ಶಾಲೆಯಿಂದ ಹೊರಗೆ ಬರಲು ನನಗೆ ಒಂದು ಕಾರಣ ಬೇಕಿತ್ತು. ನಾನು ಕುಳಿತು ಕೇಳಿದ ಕೊನೆಯ ಪಾಠ ಇಂಗ್ಲಿಷಿನ ಏಕವಚನ ಬಹುವಚನದ್ದು. ಒಂದಕ್ಕಿಂತ ಹೆಚ್ಚಾದರೆ ಕೊನೆಗೆ ಒಂದು ‘ಸ್’ ಸೇರಿಸಿದರೆ ಆಯಿತು ಎಂದು ಮಾಸ್ಟ್ರು ಹೇಳಿದರು. ಇಷ್ಟು ಸುಲಭದ ಭಾಷೆಯನ್ನು ಯಾಕೆ ಎಲ್ಲರೂ ಕಷ್ಟ ಎನ್ನುತ್ತಾರೆ ಎಂದು ಸಂತೋಷದಲ್ಲಿ ಪುಟ ತಿರುಗಿಸಿದೆ. ಅಲ್ಲಿ ಫುಟ್ ಇದ್ದದ್ದು ಫೀಟ್ ಆಗಿತ್ತು, ಚೈಲ್ಡ್ ಇದ್ದದ್ದು ಚಿಲ್ಡ್ರನ್ ಆಗಿತ್ತು, ಕುರಿ ಮಾತ್ರ ಒಂದಿದ್ದರೂ ಮಂದೆ ಇದ್ದರೂ ಶೀಪ್ ಆಗಿಯೇ ನಿಂತಿತ್ತು. ಈ ಪುಟದಲ್ಲಿ ಮಾತು ಕೊಟ್ಟು ಮರುಪುಟದಲ್ಲಿ ತಪ್ಪುವವರ ಜತೆ ವ್ಯವಹಾರ ಇಟ್ಟುಕೊಳ್ಳಬಾರದು ಎಂದು ನನಗೆ ಅಂದೇ ತೋರಿತು. ಈ ಬುದ್ಧಿ ಮುಂದೆ ವ್ಯಾಪಾರದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ಬಹುವಚನವನ್ನು ಶಾಲೆಯ ಬೆಂಚಿನ ಮೇಲೆಯೇ ಬಿಟ್ಟು ಬಂದೆ ಎಂದು ನಾನು ತಿಳಿದಿದ್ದೆ. ಅದು ಸುಮ್ಮನೆ ಹಿಂದಿನಿಂದ ನಡೆದುಕೊಂಡು ಬರುತ್ತಿತ್ತು. ಕಾವಿ ನೆಲದ ಕಾಲ ಮುಗಿಯಿತು, ಮೊಸಾಯಿಕ್ ಬಂತು, ಅದನ್ನೂ ಕಲಿತೆ. ಅದು ಹೋಯಿತು, ಟೈಲ್ಸ್ ಬಂತು, ಅದನ್ನೂ ಕಲಿತೆ. ಮೊದಲು ಟೈಲ್ಸ್ ಹಾಸುವವನಾದೆ, ಆಮೇಲೆ ಹಾಸುವವರನ್ನು ಕರೆದುಕೊಂಡು ಹೋಗುವವನಾದೆ, ಕೊನೆಗೆ ಕುಂಬಳೆಯ ಹತ್ತಿರ ಟೈಲ್ಸ್ ಮಾರುವವನಾದೆ. ಈಗ ಅಂಗಡಿ ಮುಂದೆ, ಮನೆ ಹಿಂದೆ. ಇಷ್ಟೆಲ್ಲ ಆದ ಮೇಲೆ ಒಂದು ದಿನ ನನ್ನ ಮಗಳು ಸ್ವಾತಿ, ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು, ಹೇಳುತ್ತಾಳೆ: “ಅಪ್ಪ, ಒಂದು ಟೈಲ್ಸ್ ಅಂತ ಹೇಳ್ಬಾರ್ದು. ಒಂದಾದ್ರೆ ಟೈಲ್. ಟೈಲ್ಸ್ ಅಂದ್ರೆ ತುಂಬ.” ನಾನು ಜೀವಮಾನವೆಲ್ಲ ಮೊಣಕಾಲು ಊರಿ ಹಾಸಿದ ವಸ್ತುವಿನ ಹೆಸರು ನನಗೆ ಗೊತ್ತಿಲ್ಲ! ಇರಲಿ, ಕಲಿತವಳು ಹೇಳುತ್ತಾಳೆ ಎಂದು ಮರುದಿನ ಪ್ರಯೋಗಕ್ಕೆ ಇಳಿದೆ. ಬಚ್ಚಲು ಮನೆಗೆ ಒಂದು ತುಂಡು ಬೇಕೆಂದು ಬಂದ ಮೇಸ್ತ್ರಿಯ ಹತ್ತಿರ, “ಒಂದು ಟೈಲ್ ಸಾಕಾ?” ಎಂದು ಕೇಳಿದೆ. ಆತ ನನ್ನ ಮುಖವನ್ನು ಸಂಶಯದಿಂದ ನೋಡಿ, “ಟೈಲ್ ಬೇಡ ಅಣ್ಣ, ಕಮ್ಮಿ ರೇಟಿನದ್ದು ಹಾಕಿದ್ರೆ ಮನೆಯವರು ಬೈತಾರೆ. ಟೈಲ್ಸೇ ಕೊಡಿ” ಎಂದ. ಅಂದಿನಿಂದ ಅಂಗಡಿಯಲ್ಲಿ ಟೈಲ್ಸ್, ಮನೆಯಲ್ಲಿ ಟೈಲ್. ಎರಡು ಕಡೆಯೂ ನನಗೆ ಮರ್ಯಾದೆ ಬೇಕಲ್ಲ.

ಆದರೂ ಮಗಳನ್ನು ಸುಮ್ಮನೆ ಬಿಡಲಿಲ್ಲ. “ಸ್ ಇದ್ದರೆ ತುಂಬ ಅಂತ ಆದರೆ, ನಿನ್ನನ್ನು ದಿನಾ ಕರ್ಕೊಂಡು ಹೋಗುವ ಬಸ್ ಒಂದೇ ಅಲ್ವಾ? ಅದಕ್ಕೆ ‘ಬ’ ಅಂತ ಹೇಳ್ಬೇಕಾ?” ಎಂದೆ. ಅವಳು ಅದಕ್ಕೆ ಬಸಸ್ ಎಂಬ ಇನ್ನೊಂದು ಶಬ್ದವನ್ನು ಹೊರಗೆ ತೆಗೆದಳು. ಸ್ ಇದ್ದದ್ದು ಸಾಲದೆಂದು ಇನ್ನೊಂದು ಸ್! ನನಗೆ ಇಂಗ್ಲಿಷಿನವರ ಮೇಲೆ ಇರುವ ಸಿಟ್ಟು ಇದೇ. ಅವರಿಗೆ ಯಾರ ಮೇಲೂ ವಿಶ್ವಾಸ ಇಲ್ಲ. ನಾವು ಹತ್ತು ತೆಂಗಿನಕಾಯಿ ಎನ್ನುತ್ತೇವೆ. ಹತ್ತು ಎಂದ ಮೇಲೆ ಮುಗಿಯಿತು, ಕಾಯಿಗೆ ಬಾಲ ಕಟ್ಟುವ ಅಗತ್ಯ ನಮಗೆ ಕಾಣುವುದಿಲ್ಲ. ಅವರು ಹತ್ತು ಎಂದು ಹೇಳಿಯೂ ನಂಬಿಕೆ ಸಾಲದೆ ಹಿಂದಿನಿಂದ ಒಂದು ಸ್ ಹಾಕಿ ಗಟ್ಟಿ ಮಾಡಿಕೊಳ್ಳುತ್ತಾರೆ, ಬೀಗ ಹಾಕಿ ಮತ್ತೆ ಎಳೆದು ನೋಡುವವರ ಹಾಗೆ. ನಮ್ಮ ಮನೆಮಾತು ತುಳುವಿನಲ್ಲಿ ಇನ್ನೂ ಚಂದ ಉಂಟು. ತೊಟ್ಟಿಲಲ್ಲಿ ಒಂದಿದ್ದರೆ ಬಾಲೆ, ಅಂಗಳದಲ್ಲಿ ನಾಲ್ಕು ಸೇರಿದರೆ ಜೋಕುಲು. ಮಕ್ಕಳು ಹೆಚ್ಚಾದ ಕೂಡಲೇ ಹೆಸರೇ ಬದಲಾಗುತ್ತದೆ, ಅದು ನ್ಯಾಯವೇ, ಗಲಾಟೆಯೂ ಬದಲಾಗುತ್ತದಲ್ಲ. ಕನ್ನಡದಲ್ಲಿ ಅಣ್ಣ ಅಣ್ಣಂದಿರಾಗುತ್ತಾನೆ, ಮರ ಮರಗಳಾಗುತ್ತದೆ. ಹೆಂಡತಿ ಎಂಬ ಶಬ್ದದ ಬಹುವಚನವನ್ನು ಮಾತ್ರ ನಾನು ಉದಾಹರಣೆಗೆಂದು ಕೂಡ ಮನೆಯಲ್ಲಿ ಹೇಳುವುದಿಲ್ಲ.

ಈಗ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಬಿಲ್ಲು, ಫೋನು, ಲೆಕ್ಕ ಎಲ್ಲ ನೋಡಿಕೊಳ್ಳುವವಳು ಶೀಜ. ಚಂದ್ರಗಿರಿ ಹೊಳೆಯ ಆಚೆಯ ಊರಿನವಳು, ಮದುವೆಯಾಗಿ ಇತ್ತ ಬಂದವಳು. ಮನೆಮಾತು ಮಲಯಾಳ. ಇಲ್ಲಿನ ಗಿರಾಕಿಗಳಿಗಾಗಿ ಕನ್ನಡ ಕಲಿತಳು, ಬೇಗನೆ ಕಲಿತಳು, ಚೆನ್ನಾಗಿಯೇ ಮಾತಾಡುತ್ತಾಳೆ. ಒಂದೇ ಒಂದು ತೊಂದರೆ. ಮಲಯಾಳದಲ್ಲಿ ಬರುವವರು ಯಾರೇ ಆಗಲಿ, ಬಂದದ್ದಕ್ಕೆ ಇರುವುದು ಒಂದೇ ಶಬ್ದ. ದನ ಬಂದರೂ ‘ವನ್ನು’, ಮಂತ್ರಿ ಬಂದರೂ ‘ವನ್ನು’, ಮಂತ್ರಿಯ ಹಿಂದೆ ಮೆರವಣಿಗೆಯೇ ಬಂದರೂ ‘ವನ್ನು’. ಕೇರಳದಲ್ಲಿ ಸಮಾನತೆ ಬಂದದ್ದು ಚುನಾವಣೆಯಿಂದ ಎಂದು ಜನ ತಿಳಿದಿದ್ದಾರೆ, ನನ್ನ ಪ್ರಕಾರ ಅದು ಬಂದದ್ದು ಕ್ರಿಯಾಪದದಿಂದ. ಶೀಜ ಆ ಸಮಾನತೆಯನ್ನು ಹಾಗೆಯೇ ಹೊಳೆ ದಾಟಿಸಿ ತಂದಳು. ಕನ್ನಡದಲ್ಲಿ ಅವಳು ಆರಿಸಿಕೊಂಡ ಶಬ್ದ ‘ಬಂತು’. ಗಿರಾಕಿ ಬಂತು, ಮೇಸ್ತ್ರಿ ಬಂತು, ಕರೆಂಟ್ ಬಂತು. ಮಲಯಾಳದಲ್ಲಿ ಯಜಮಾನನಿಗೆ ಮುದಲಾಳಿ ಎನ್ನುತ್ತಾರೆ, ಹಾಗಾಗಿ ನಾನು ಸ್ಕೂಟರ್ ನಿಲ್ಲಿಸಿ ಒಳಗೆ ಕಾಲಿಟ್ಟರೆ, ‘ಮುದಲಾಳಿ ಬಂತು’.

ಬೇರೆಯವರಾದರೆ ನಕ್ಕು ಬಿಡುತ್ತಿದ್ದರೋ ಏನೋ. ನನಗೆ ಆಗುವುದಿಲ್ಲ. ಕಲಿತವರಿಗೆ ‘ಬಂದರು’ ಎನ್ನುವಾಗಿನ ಆ ಗೌರವದ ‘ರು’ ಸರ್ಟಿಫಿಕೇಟಿನ ಜತೆಯಲ್ಲೇ ಸಿಗುತ್ತದೆ, ಮಾಸ್ಟ್ರು, ಡಾಕ್ಟ್ರು, ವಕೀಲ್ರು. ಎಂಟನೆಯಲ್ಲಿ ಬಿಟ್ಟವನಿಗೆ ಯಾರು ಕೊಡುತ್ತಾರೆ? ನೆಲ ಉಜ್ಜುವ ಕಾಲದಲ್ಲಿ ಮನೆಯವರು ಜಗಲಿಯಿಂದ ನನ್ನ ತಂದೆಯ ಹತ್ತಿರ, “ಅವ ಬಂದನಾ ಇವತ್ತು?” ಎಂದು ಕೇಳುತ್ತಿದ್ದರು. ವರ್ಷಗಳ ಮೇಲೆ, ನಾನೇ ಕೆಲಸ ಹಿಡಿದು ಮಾಡಿಸುತ್ತಿದ್ದಾಗ, ಒಂದು ಮನೆಯಲ್ಲಿ ಅಮ್ಮನೊಬ್ಬರು ಒಳಗಿನಿಂದ, “ಟೈಲ್ಸಿನವರು ಬಂದರು, ಚಾ ಇಡು” ಎಂದರು. ನಾನು ತಿರುಗಿ ನೋಡಿದೆ, ನನ್ನ ಹಿಂದೆ ಇನ್ನು ಯಾರು ಬಂದರು ಎಂದು. ಯಾರೂ ಇರಲಿಲ್ಲ. ಬಂದವರು ನಾನೊಬ್ಬನೇ. ಆ ದಿನ ಕುಡಿದ ಚಾದ ರುಚಿ ನನ್ನ ನಾಲಗೆಯಲ್ಲಿ ಈಗಲೂ ಉಂಟು. ಹೀಗೆ ಮೊಣಕಾಲಿನ ಚರ್ಮ ಕೊಟ್ಟು ಸಂಪಾದಿಸಿದ ಬಹುವಚನವನ್ನು ನನ್ನದೇ ಅಂಗಡಿಯಲ್ಲಿ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ತಾಳ್ಮೆ ಮುಗಿದದ್ದು ಲಾರಿ ಬಂದ ದಿನ. ಮಾಲಿನ ಲಾರಿಯೂ ನಾನೂ ಒಂದೇ ಹೊತ್ತಿಗೆ ಅಂಗಡಿಯ ಮುಂದೆ ಬಂದೆವು. ಶೀಜ ಬಾಗಿಲಲ್ಲಿ ನಿಂತು, “ಹಮೀದ್, ಬಾ, ಲಾರಿ ಬಂತು, ಮುದಲಾಳಿ ಬಂತು” ಎಂದು ಕೂಗಿದಳು. ಲೋಡಿಂಗಿನ ಹಮೀದ್ ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಾ ಬಂದವನು ನಮ್ಮಿಬ್ಬರನ್ನೂ ನೋಡಿ, “ಯಾವುದನ್ನು ಮೊದಲು ಇಳಿಸುದು ಶೀಜಕ್ಕ?” ಎಂದು ಕೇಳಿದ. ಗಿರಾಕಿಗಳು ನಕ್ಕರು. ಲಾರಿಯ ಡ್ರೈವರ್ ಕೂಡ ನಕ್ಕ.

ಅಂದು ಮಧ್ಯಾಹ್ನ ನಾನು ಮಾಸ್ಟ್ರಾದೆ. “ನೋಡು ಶೀಜ, ಕನ್ನಡದಲ್ಲಿ ದೊಡ್ಡವರು ಬಂದರೆ ‘ಬಂತು’ ಅಂತ ಹೇಳುದಿಲ್ಲ, ‘ಬಂದರು’. ಹೆಸರಿಗೂ ಒಂದು ‘ರು’ ಸೇರಿಸ್ಬೇಕು.”

“ಅದು ತುಂಬ ಜನ ಬಂದ್ರೆ ಅಲ್ವಾ ಮುದಲಾಳಿ?”

“ತುಂಬ ಜನ ಬಂದ್ರೂ ಹಾಗೆಯೇ. ಒಬ್ಬರಾದರೂ ರು, ಹತ್ತಾದರೂ ರು.”

“ಅಯ್ಯೋ! ಮತ್ತೆ ಒಬ್ಬರಾ ಹತ್ತು ಜನವಾ ಅಂತ ಹೇಗೆ ಗೊತ್ತಾಗುದು?”

“ನೋಡಿದ್ರೆ ಗೊತ್ತಾಗುದಿಲ್ವಾ?”

“ಫೋನಿನಲ್ಲಿ?”

“ಫೋನಿನಲ್ಲಿ ಬುದ್ಧಿ ಉಪಯೋಗಿಸ್ಬೇಕು ಮಾರಾಯ್ತಿ” ಎಂದೆ. ಅವಳ ಪ್ರಶ್ನೆ ಸರಿಯಾದ ಪ್ರಶ್ನೆ ಎಂದು ಆಗಲೇ ಹೊಳೆಯಬೇಕಿತ್ತು. ಪಾಠ ಮಾಡುವವನಿಗೆ ಹೊಳೆಯುವುದಿಲ್ಲ. ಅವಳೂ ‘ಶರಿ’ ಎಂದಳು. ಮರುದಿನದಿಂದ ‘ಮುದಲಾಳಿಯವರು ಬಂದರು’ ಎಂದು ಸ್ಪಷ್ಟವಾಗಿ ಹೇಳತೊಡಗಿದಳು. ಹಮೀದನ ಮುಖ ಸಣ್ಣದಾಯಿತು. ನಾನು ಕಾರಣವಿಲ್ಲದೆ ದಿನಕ್ಕೆ ನಾಲ್ಕು ಸಲ ಹೊರಗೆ ಹೋಗಿ ಒಳಗೆ ಬರತೊಡಗಿದೆ.

ಅದೇ ಸಮಯಕ್ಕೆ ಪುತ್ತಿಗೆಯ ಕಡೆಯ ಒಂದು ಸಂಘದವರು ಹೊಸ ಆಡಿಟೋರಿಯಂ ಕಟ್ಟಿಸುತ್ತಿದ್ದರು. ನೆಲಕ್ಕೆ, ವೇದಿಕೆಗೆ, ಮೆಟ್ಟಿಲಿಗೆ, ಊಟದ ಹಾಲಿಗೆ ಎಲ್ಲದಕ್ಕೂ ಟೈಲ್ಸ್ ಬೇಕು. ಇಷ್ಟು ದೊಡ್ಡ ಆರ್ಡರ್ ನನ್ನ ಜೀವಮಾನದಲ್ಲಿ ಬಂದದ್ದಿಲ್ಲ. ಪೇಟೆಯಲ್ಲಿ ಗಾಜಿನ ಬಾಗಿಲು, ಎ.ಸಿ. ಇರುವ ದೊಡ್ಡ ಶೋರೂಮಿನವರೂ ಅದರ ಹಿಂದೆ ಬಿದ್ದಿದ್ದರು. ನನ್ನ ಹತ್ತಿರ ಎ.ಸಿ. ಇಲ್ಲ, ಇರುವುದು ಮಾತು. ಸಂಘದ ಅಧ್ಯಕ್ಷರನ್ನು ದಾರಿಯಲ್ಲಿ ಕಂಡಾಗ, “ಒಮ್ಮೆ ಬಂದು ಮಾಲು ನೋಡಿ, ಊಟ ನಮ್ಮಲ್ಲಿಯೇ” ಎಂದು ಕರೆದಿದ್ದೆ. ಒಂದು ಶನಿವಾರ ನಾನು ಕುಂಬ್ಡಾಜೆಯಲ್ಲಿ ಒಂದು ಮನೆಯ ಅಳತೆ ತೆಗೆದುಕೊಂಡು ಹಿಂದೆ ಬರುವಾಗ ಶೀಜ ಎದ್ದು ನಿಂತು ಹೇಳಿದಳು: “ಮುದಲಾಳಿಯವರೇ, ಸಂಘದಿಂದ ಫೋನ್ ಬಂತು. ಪ್ರೆಸಿಡೆಂಟರು ನಾಳೆ ಬರುತ್ತಾರೆ. ಊಟಕ್ಕೂ ಇರುತ್ತಾರೆ.”

ಎಂತಹ ವಾಕ್ಯ! ಒಂದು ಕಡೆಯೂ ತಪ್ಪಿಲ್ಲ. ಹೊಳೆಯಾಚೆಯ ಹೆಣ್ಣಿನ ಬಾಯಲ್ಲಿ ಮೂರು ಮೂರು ಸಲ ಗೌರವ! ಕಲಿಸಿದ್ದು ಯಾರು? ನಾನು. ಆ ಹೆಮ್ಮೆಯಲ್ಲಿಯೇ ಮನೆಗೆ ಹೋಗಿ ಹೆಂಡತಿ ಪುಷ್ಪಳಿಗೆ, ನಾಳೆ ಪ್ರೆಸಿಡೆಂಟರು ಊಟಕ್ಕೆ ಬರುತ್ತಾರೆ ಎಂದೆ. (ನಾವು ಮಾತಾಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ.)

“ಎಷ್ಟು ಜನ?” ಎಂದಳು.

“ಪ್ರೆಸಿಡೆಂಟರು ಅಂದ್ರೆ ಎಷ್ಟು ಜನ ಇರ್ತಾರೆ? ಊರಿಗೊಂದೇ ಸಂಘ, ಸಂಘಕ್ಕೊಬ್ಬರೇ ಪ್ರೆಸಿಡೆಂಟರು.”

ಪುಷ್ಪ ಅಳತೆಯ ಹೆಂಗಸು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಳೆಗೆ ಬಿಸಿ ಮಾಡುವ ಅಭ್ಯಾಸ ಅವಳಿಗಿಲ್ಲ. ಆದಿತ್ಯವಾರ ಬೆಳಗ್ಗೆ ಮೀನಿನ ಗಾಡಿ ಬಂದಾಗ ಒಳ್ಳೆಯ ಎರಡು ಕಾಣೆ ಮೀನು ತೆಗೆದುಕೊಂಡಳು. ಒಂದು ಪ್ರೆಸಿಡೆಂಟರಿಗೆ, ಒಂದು ಜತೆಯಲ್ಲಿ ಕೂರುವ ನನಗೆ. ಅವಳಿಗೆ, ಮಗಳಿಗೆ, ಆ ದಿನ ಲೆಕ್ಕ ತೋರಿಸಲು ಬಂದಿದ್ದ ಶೀಜಳಿಗೆ ಬಸಳೆ ಸಾಂಬಾರು. ಮಸಾಲೆ ಹಚ್ಚಿ ಇಟ್ಟ ಆ ಎರಡು ಕಾಣೆಯನ್ನು ನೋಡಿಯೇ ನನಗೆ ಆರ್ಡರ್ ಸಿಕ್ಕಿದಷ್ಟು ಸಮಾಧಾನವಾಗಿತ್ತು.

ಹನ್ನೆರಡರ ಹೊತ್ತಿಗೆ ಜೀಪು ಬಂತು. ಅಧ್ಯಕ್ಷರು ಇಳಿದರು. ನಾನು ಕೈ ಮುಗಿದೆ. ಜೀಪಿನ ಬಾಗಿಲು ಮುಚ್ಚಲಿಲ್ಲ. ಕಾರ್ಯದರ್ಶಿ ಇಳಿದರು, ಖಜಾಂಚಿ ಇಳಿದರು. ಡ್ರೈವರ್ ಎಂದು ನಾನು ತಿಳಿದಿದ್ದವರು ಉಪಾಧ್ಯಕ್ಷರಂತೆ, ಅವರೂ ಇಳಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ಕಾರು ಬಂದು ನಿಂತಿತು. ಒಟ್ಟು ಎಂಟು ಜನ. “ಎಲ್ಲರೂ ನೋಡಿ ಒಪ್ಪಿದ್ರೆ ಮತ್ತೆ ಮಾತು ಬರುದಿಲ್ಲ ಅಲ್ವಾ, ಹಾಗೆ ಕಮಿಟಿಯನ್ನೇ ಕರ್ಕೊಂಡು ಬಂದೆ” ಎಂದರು ಅಧ್ಯಕ್ಷರು. “ನಿಮ್ಮ ಹುಡುಗಿಯತ್ರ ನಿನ್ನೆಯೇ ಹೇಳಿದ್ದೇನೆ, ನಾವು ಬರ್ತೇವೆ ಅಂತ.”

ನಾನು ಅವರನ್ನು ಸ್ಯಾಂಪಲ್ಲುಗಳ ಮುಂದೆ ನಿಲ್ಲಿಸಿ, ಹಮೀದನಿಗೆ ತೋರಿಸಲು ಹೇಳಿ, ಶೀಜಳನ್ನು ಕರೆದುಕೊಂಡು ಹಿತ್ತಲ ಬಾಗಿಲಿನಿಂದ ಅಡಿಗೆಮನೆಗೆ ಓಡಿದೆ. “ಎಂಟು ಜನ ಅಂತ ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದೆ ಅಲ್ವಾ ಮುದಲಾಳಿ! ಪ್ರೆಸಿಡೆಂಟ ‘ರು’, ಬರುತ್ತಾ ‘ರೆ’, ಇರುತ್ತಾ ‘ರೆ’. ಮೂರು ಸಲ ಹೇಳಿದೆ.”

“ಅದು ಗೌರವ ಅಂತ ತಿಳ್ಕೊಂಡೆ ನಾನು!”

“ನೀವೇ ಅಲ್ವಾ ಕಲಿಸಿದ್ದು, ಒಬ್ಬರಾದರೂ ರು, ಹತ್ತಾದರೂ ರು ಅಂತ. ನಾನು ಹತ್ತರ ‘ರು’ ಕೊಟ್ಟೆ. ನೀವು ಒಂದರ ‘ರು’ ತಕ್ಕೊಂಡ್ರಿ.” ಅವಳ ಕಣ್ಣಲ್ಲಿ ನೀರು ಬರುವ ಹಾಗಿತ್ತು. “ಮತ್ತೆ ಎಂತ ಹೇಳ್ಬೇಕಿತ್ತು, ಪ್ರೆಸಿಡೆಂಟರುಗಳು ಅಂತವಾ?”

ಪುಷ್ಪ ಕೈಯಲ್ಲಿ ಸೌಟು ಹಿಡಿದು ಎಲ್ಲವನ್ನೂ ಕೇಳಿ, ಒಮ್ಮೆ ನನ್ನನ್ನು, ಒಮ್ಮೆ ಆ ಎರಡು ಕಾಣೆಯನ್ನು ನೋಡಿದಳು. ಇಂತಹ ಹೊತ್ತಿನಲ್ಲಿ ಬಾಯಿ ಮುಚ್ಚಿ ಇರಬೇಕೆಂದು ಕಾಲೇಜಿನಲ್ಲಿ ಕಲಿಸುವುದಿಲ್ಲ ಎಂದು ಕಾಣುತ್ತದೆ, ಮಗಳು ಅಮ್ಮನನ್ನು ನಗಿಸಲು ಹೋದಳು: “ಅಮ್ಮ, ಇಂಗ್ಲಿಷಿನಲ್ಲಿ ಫಿಶ್‌ಗೆ ಬಹುವಚನವೇ ಇಲ್ಲ. ಒಂದಾದ್ರೂ ಫಿಶ್, ಎಂಟಾದ್ರೂ ಫಿಶ್.”

“ಹೌದಾ? ಹಾಗಾದ್ರೆ ಈ ಎರಡನ್ನು ನೀನು ಇಂಗ್ಲಿಷಿನಲ್ಲಿ ಬಡಿಸು” ಎಂದಳು ಪುಷ್ಪ.

ಆಮೇಲೆ ಅವಳು ಮಾಡಿದ್ದನ್ನು ನೋಡಿ ನನಗೆ ಹೆದರಿಕೆಯೇ ಆಯಿತು. ಕಾಣೆಯನ್ನು ಬೇಯಿಸಿ, ಮುಳ್ಳು ತೆಗೆದು, ಪುಡಿ ಮಾಡಿ, ಒಂದು ಪಾತ್ರೆ ಸಾರಿಗೆ ಹಾಕಿ ಕಲಸಿದಳು. ಮಗಳು ಮೊಟ್ಟೆ ಒಡೆದಳು, ಶೀಜ ತೆಂಗಿನಕಾಯಿ ತುರಿದು ಚಟ್ನಿ ಮಾಡಿದಳು. ಕುಕ್ಕರ್ ಎರಡು ಸಲ ಒಲೆ ಹತ್ತಿ ಇಳಿಯಿತು. ನಾನು ಸುಮ್ಮನೆ ನಡುವೆ ನಿಂತಿದ್ದೆ, ಎಲ್ಲರಿಗೂ ಅಡ್ಡವಾಗಿ. ಊಟಕ್ಕೆ ಕುಳಿತ ಮೇಲೆ ಖಜಾಂಚಿಯವರು ಸಾರನ್ನು ಸೌಟಿನಲ್ಲಿ ತಿರುಗಿಸಿ, “ಇದು ಎಂತ ಮೀನು ಅಕ್ಕ?” ಎಂದು ಕೇಳಿದರು.

“ಕಾಣೆ” ಎಂದಳು ಪುಷ್ಪ.

“ಹೌದು, ನಾನೂ ಆಗಿಂದ ಹುಡುಕ್ತಾ ಇದ್ದೇನೆ, ಕಾಣುದಿಲ್ಲ” ಎಂದರು ಅವರು. ಎಂಟು ಜನವೂ ನಕ್ಕರು. ನಾನು ಒಂಬತ್ತನೆಯವನಾಗಿ ನಗಲು ಪ್ರಯತ್ನಿಸಿದೆ.

ನಾಚಿಕೆಯಾದವನು ವ್ಯಾಪಾರಕ್ಕೆ ಕೂರಬಾರದು. ಕಾರ್ಯದರ್ಶಿಯವರು ಮಜ್ಜಿಗೆ ಕುಡಿಯುತ್ತಾ, ರೇಟು ಸ್ವಲ್ಪ ಇಳಿಸಬೇಕು ಎಂದರು. ಪೇಟೆಯ ಶೋರೂಮಿನವರ ಎದುರು ನಾಲ್ಕು ದಿನ ವಾದ ಮಾಡಲು ತಯಾರಾಗಿದ್ದ ನಾನು, ಅವರ ಎಲೆಯಲ್ಲಿ ಮೀನಿಲ್ಲದ್ದನ್ನು ನೋಡಿ, ಆಗಲಿ ಎಂದೆ. ಸಾಗಾಟದ ಖರ್ಚು ನಿಮ್ಮದೇ ಅಲ್ವಾ ಎಂದರು, ಆಗಲಿ ಎಂದೆ. ಗೋಡೆಯ ಬುಡಕ್ಕೆ ಹಾಕುವ ಪಟ್ಟಿಯನ್ನು ಸುಮ್ಮನೆ ಕೊಡಿ ಎಂದರು, ಅದಕ್ಕೂ ಆಗಲಿ. ಇನ್ನೊಂದು ಲೋಟ ಮಜ್ಜಿಗೆ ಕುಡಿದಿದ್ದರೆ ಅಂಗಡಿಯನ್ನೇ ಬರೆದುಕೊಡುತ್ತಿದ್ದೆನೋ ಏನೋ. ಕೈ ತೊಳೆದು ಬಂದ ಅಧ್ಯಕ್ಷರು ಕಮಿಟಿಯ ಮುಖ ನೋಡಿದರು, ಕಮಿಟಿ ತಲೆಯಾಡಿಸಿತು. ಆರ್ಡರ್ ನನಗೇ ಆಯಿತು. “ಊಟ ಲಾಯ್ಕಿತ್ತು” ಎಂದು ಎಲ್ಲರೂ ಹೇಳಿ ಹೋದರು. ಎಂಟು ಜನ ಸುಳ್ಳನ್ನು ಬಹುವಚನದಲ್ಲಿ ಹೇಳಿದಾಗ ಅದು ಎಷ್ಟು ಚಂದ ಕೇಳುತ್ತದೆ!

ಅವರು ಹೋದ ಮೇಲೆ ನಾನು ಬಾಳೆಲೆಯ ಮುಂದೆ ಕುಳಿತೆ. ಮುಜುಗರದಲ್ಲಿ ನಾನು ಅವರ ಜತೆ ಸರಿಯಾಗಿ ಉಂಡಿರಲಿಲ್ಲ. ಪುಷ್ಪ ಬರಲಿಲ್ಲ. ಕರೆದೆ. “ನೀವು ಬಹುವಚನ ಅಲ್ವಾ? ನಿಮ್ಮಲ್ಲಿ ಒಬ್ಬರು ಕೂತ್ಕೊಳ್ಳಿ, ಇನ್ನೊಬ್ಬರು ಬಡಿಸಿ” ಎಂದು ಒಳಗಿನಿಂದಲೇ ಹೇಳಿದಳು. ಒಬ್ಬನೇ ಎದ್ದು ಬಡಿಸಿಕೊಂಡು ಒಬ್ಬನೇ ಉಂಡೆ. ಎಷ್ಟು ಗೌರವ ಇದ್ದರೂ ಹೊಟ್ಟೆ ಏಕವಚನವೇ.

ಅಷ್ಟರಲ್ಲಿ ಶೀಜ ಬಾಗಿಲಲ್ಲಿ ಬಂದು ನಿಂತಳು. ಮುಖ ತೊಳೆದುಕೊಂಡಿದ್ದಳು, ಗಟ್ಟಿಯಾಗಿದ್ದಳು. “ಮುದಲಾಳಿ, ನನಗೆ ಈ ಕನ್ನಡ ಆಗುದಿಲ್ಲ. ನಾನು ಒಂದು ದಾರಿ ಯೋಚನೆ ಮಾಡಿದ್ದೇನೆ. ಒಬ್ಬರಾದ್ರೆ ಬಂತು. ತುಂಬ ಜನ ಆದ್ರೆ ಬಂದರು. ಆಗ ಚೇಚಿಗೂ ಅಕ್ಕಿ ಎಷ್ಟು ಹಾಕ್ಬೇಕು ಅಂತ ಗೊತ್ತಾಗ್ತದೆ.”

“ಅದೇ ಸರಿ” ಎಂದಳು ಅವಳ ಚೇಚಿ, ಅಂದರೆ ನನ್ನ ಹೆಂಡತಿ.

“ಲಾಜಿಕ್ ಉಂಟು” ಎಂದಳು ಮಗಳು.

ನಾನು ಕನ್ನಡದ ಪರವಾಗಿ ಹೋರಾಡಲು ಬಾಯಿ ತೆರೆದೆ. ಹೇಳಬೇಕಾದ್ದು ಬಹಳ ಇತ್ತು: ಭಾಷೆಗೆ ಅಕ್ಕಿಯ ಅಳತೆಗಿಂತ ದೊಡ್ಡ ಕೆಲಸ ಉಂಟು, ಒಬ್ಬನನ್ನು ಅನೇಕರೆಂದು ಎಣಿಸುವುದು ಸುಳ್ಳಲ್ಲ, ಅದು ಅವನು ಪಟ್ಟ ಪಾಡಿನ ಲೆಕ್ಕ. ಆದರೆ ಬಾಯಲ್ಲಿ ಅನ್ನ ಇತ್ತು, ಎದುರಿಗೆ ಮೂವರು ಇದ್ದರು. ಆಗಲಿ ಎಂದೆ. ಆ ದಿನ ಆ ಶಬ್ದ ನನಗೆ ಅಷ್ಟು ಅಭ್ಯಾಸವಾಗಿ ಹೋಗಿತ್ತು.

ಈಗ ಅಂಗಡಿಯಲ್ಲಿ ಗೊಂದಲ ಇಲ್ಲ. ಎಷ್ಟು ಜನ ಬಂದರೆಂದು ಪುಷ್ಪಳಿಗೆ ಅಡಿಗೆಮನೆಯಲ್ಲಿಯೇ ತಿಳಿಯುತ್ತದೆ. ಅಧ್ಯಕ್ಷರು ಮೊನ್ನೆ ಒಬ್ಬರೇ ಬಂದಾಗ ಶೀಜ ಅವರ ಎದುರೇ, “ಪ್ರೆಸಿಡೆಂಟ್ ಬಂತು” ಎಂದಳು. ಅವರು ನಕ್ಕು ಕುಳಿತರು. ಅವರಿಗೆ ‘ರು’ ಹುಟ್ಟುವಾಗಲೇ ಸಿಕ್ಕಿದ್ದಿರಬೇಕು, ಒಂದು ದಿನ ಇಲ್ಲದಿದ್ದರೂ ನಡೆಯುತ್ತದೆ. ಶಾಲೆ ಬಿಟ್ಟ ನನಗೆ ಇಷ್ಟು ವರ್ಷಗಳ ದುಡಿಮೆಯಿಂದ ಈ ಹೊತ್ತಿಗೆ ಇರುವುದು ಇಷ್ಟು. ಅಂಗಡಿ ಒಂದು. ಗೋಡೌನು ಎರಡು, ಅದರಲ್ಲಿ ಒಂದು ಸೋರುತ್ತದೆ. ಪಿಕಪ್ ಒಂದು. ಸ್ಕೂಟರ್ ಒಂದು. ಕೆಲಸಕ್ಕೆ ಐದು ಜನ. ಮಗಳು ಒಬ್ಬಳು. ಹೆಂಡತಿ ಒಬ್ಬರು; ನಾನು ಬರೆದದ್ದು ‘ಒಬ್ಬಳು’ ಎಂದು, ಓದಿ ನೋಡಿ ತಿದ್ದಿಸಿದ್ದು ಅವರೇ. ಮುದಲಾಳಿ, ಒಂದು.